ತಾರಸಿ ಚಪ್ಪರಕ್ಕೆ ಅಗಸೆ ಎಣ್ಣೆ: ಮೂರು ಮಳೆಗಾಲ ಕಳೆದ ಮೇಲೆ

ಚಿಕ್ಕಂದಿನಲ್ಲಿ ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಹಚ್ಚಿದವರಿಗೆ ಈ ವಾಸನೆ ಗೊತ್ತು. ಅದೇ ಅಗಸೆ ಎಣ್ಣೆಯನ್ನು ಮೂರು ವರ್ಷದಿಂದ ನಮ್ಮ ಬನಶಂಕರಿ ಮನೆಯ ತಾರಸಿಯ ಪರ್ಗೋಲಾಗೆ ಹಚ್ಚುತ್ತಿದ್ದೇನೆ. ಪರ್ಗೋಲಾ ಅನ್ನೋದು ನನ್ನ ಮಾತು, ಅಮ್ಮನಿಗೆ ಅದು ಮಲ್ಲಿಗೆ ಚಪ್ಪರ. ಹಳೇ ಮನೆ ಕೆಡವಿದಾಗ ಉಳಿದ ತೇಗದ ತೊಲೆಗಳಿಂದ ಮಾಡಿಸಿದ್ದು.

ಮೊದಲು ವಾರ್ನಿಶ್ ಹೊಡೆಸಿದ್ದೆವು. ಎರಡು ವರ್ಷ ಗಾಜಿನ ಹಾಗೆ ಹೊಳೆಯಿತು. ಆಮೇಲೆ ಬಿಸಿಲಿಗೆ ಪದರ ಬಿರುಕು ಬಿಟ್ಟು, ಅದರೊಳಗೆ ಮಳೆನೀರು ಇಳಿದು, ಈರುಳ್ಳಿ ಸಿಪ್ಪೆ ಥರ ಎದ್ದು ಕಾಫಿ ಲೋಟಕ್ಕೇ ಉದುರತೊಡಗಿತು. ‘ಪೂರ್ತಿ ಕೆರೆಯದೆ ಮೇಲೆ ಏನು ಹೊಡೆದರೂ ನಿಲ್ಲಲ್ಲ ಸಾರ್’ ಎಂದು ಪಾಲಿಶ್‌ನವರು 32,000 ರೂಪಾಯಿ ಕೇಳಿದರು. ಅವರು ಹೇಳಿದ್ದು ನಿಜವೇ. ನನ್ನ ಹತ್ತಿರ ದುಡ್ಡು ಇರಲಿಲ್ಲ, ಅಷ್ಟೇ.

ನಾಲ್ಕು ಭಾನುವಾರ ನಾನೇ ಕೆರೆದೆ. ಮೊದಲು 80ರ ಒರಟು ಉಪ್ಪು ಕಾಗದ, ಆಮೇಲೆ 120ರ ನಯವಾದದ್ದು. ಭುಜದ ಕಥೆ ಕೇಳಬೇಡಿ. ಎಣ್ಣೆ, ಟರ್ಪೆಂಟೈನ್, ಕಾಗದ, ಮಾಸ್ಕ್ ಎಲ್ಲ ಸೇರಿ 2,600 ರೂಪಾಯಿ ಆಯಿತು. ಒಂದು ಮಾತು: ‘ಬಾಯಿಲ್ಡ್’ ಅಂತ ಬರೆದಿರೋದನ್ನೇ ತನ್ನಿ. ಅದನ್ನು ನಿಜಕ್ಕೂ ಕುದಿಸಿರುವುದಿಲ್ಲ, ಬೇಗ ಒಣಗಲಿ ಅಂತ ಏನೋ ಬೆರೆಸಿರುತ್ತಾರೆ. ಹಸಿ ಎಣ್ಣೆ ಹಚ್ಚಿದರೆ ವಾರಗಟ್ಟಲೆ ಅಂಟುತ್ತದೆ.

ಈಗ ವರ್ಷಕ್ಕೆ ಎರಡೇ ಸಲ ಕೆಲಸ. ಮಾರ್ಚ್‌ನಲ್ಲಿ ಒಂದು, ದೀಪಾವಳಿ ಕಳೆದು ಮಳೆ ನಿಂತ ಮೇಲೆ ಇನ್ನೊಂದು. ಬಿಸಿಲು ಏರುವ ಮೊದಲೇ ಏಣಿ ಹತ್ತುತ್ತೇನೆ. ಸ್ಟೀಲ್ ಬಟ್ಟಲಲ್ಲಿ ಎಣ್ಣೆ, ಕೈಯಲ್ಲಿ ಅಮ್ಮನ ಹಳೇ ಕಾಟನ್ ಸೀರೆಯ ತುಂಡು. ಬೂದು ಬಣ್ಣಕ್ಕೆ ತಿರುಗಿದ ಮರದ ಮೇಲೆ ಬಟ್ಟೆ ಎಳೆದರೆ ಹಿಂದೆಯೇ ಜೇನಿನ ಬಣ್ಣ ಏಳುತ್ತದೆ. ತೊಲೆಯ ಕೊಯ್ದ ತುದಿ ಮಾತ್ರ ಎಷ್ಟು ಕೊಟ್ಟರೂ ಕುಡಿಯುತ್ತದೆ, ಅಲ್ಲಿಗೆ ಮೂರು ಸಲ. ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಲೇಬೇಕು. ಒಂದು ಸಲ ಸೋಮಾರಿತನ ಮಾಡಿ ಸುಮ್ನೆ ಬಿಟ್ಟೆ, ಬೀದಿಯ ಧೂಳೆಲ್ಲ ಬಂದು ಅಂಟಿತು. ಕೆರೆಯೋದು ಮಾತ್ರ ಇನ್ನಿಲ್ಲ. ಹಳೇ ಎಣ್ಣೆ ಮೇಲೇ ಹೊಸದು. ಇದಕ್ಕಾಗಿಯೇ ನಾನು ಈ ಎಣ್ಣೆಗೆ ಸೋತಿದ್ದು.

ಮೊದಲ ವರ್ಷ ಮಾತ್ರ ಇನ್ನೇನು ಮನೆಗೆ ಬೆಂಕಿ ಇಟ್ಟೇಬಿಡುತ್ತಿದ್ದೆ, ಸ್ವಲ್ಪದರಲ್ಲೇ ತಪ್ಪಿತು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್‌ನಲ್ಲಿ ತುರುಕಿದ್ದೆ. ಮಧ್ಯಾಹ್ನ ಅಮ್ಮ ಕೈಹಾಕಿ, ‘ಇದೇನೋ, ಇಸ್ತ್ರಿ ಪೆಟ್ಟಿಗೆ ಥರ ಸುಡ್ತಿದೆ!’ ಎಂದು ಕೂಗಿದರು. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಣಗುತ್ತದೆ, ಆಗ ಕಾವು ಹುಟ್ಟುತ್ತದೆ. ಮುದ್ದೆಯಾಗಿದ್ದರೆ ಕಾವು ಹೊರಗೆ ಹೋಗದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಡಬ್ಬಿಯ ಮೇಲೆ ಇದನ್ನು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರು. ಈಗ ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗಡೆ ಒಂದೊಂದಾಗಿ ಬಿಡಿಸಿ ಹರವುತ್ತೇನೆ.

ಇಷ್ಟು ಹೊಗಳಿದ ಎಣ್ಣೆ ಹೋದ ಸೆಪ್ಟೆಂಬರ್‌ನಲ್ಲಿ ಮುನಿಸು ತರಿಸಿತು. ತೊಲೆಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಒಂದೆರಡು ಕಡೆ ಬ್ಲೀಚಿಂಗ್ ಪೌಡರ್ ನೀರಿನ ಹನಿ ಬಿಟ್ಟು ನೋಡಿದೆ. ಬಳ್ಳಿಯ ಕೆಳಗಿನದು ಬಿಳುಚಿತು, ಅಂದರೆ ಬೂಷ್ಟು. ಮೊಳೆಗಳ ಸುತ್ತ ಇದ್ದದ್ದು ಜಪ್ಪಯ್ಯ ಅನ್ನಲಿಲ್ಲ, ಅದು ಕಬ್ಬಿಣದ ಕಲೆ. ಮೊಳೆಯದು ನನ್ನದೇ ತಪ್ಪು, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಬೇಕಿತ್ತು. ಬೂಷ್ಟಿಗೆ ಮಾತ್ರ ಅಗಸೆ ಎಣ್ಣೆ ಅಂದರೆ ಊಟ. ಮಳೆಗಾಲದಲ್ಲಿ ಗಾಳಿಯಾಡದ ಜಾಗಕ್ಕೆ ಇದು ಆಗಿಬರುವುದಿಲ್ಲ. ಬಿಸಿಲನ್ನೂ ಅಷ್ಟಾಗಿ ತಡೆಯುವುದಿಲ್ಲ, ಆರು ತಿಂಗಳಿಗೆ ಮರ ಮತ್ತೆ ಬೂದು. ಏಣಿ ಹತ್ತಲು ಬೇಜಾರು ಇರುವವರು ಜಾಸ್ತಿ ದುಡ್ಡು ಕೊಟ್ಟು, ಬಿಸಿಲು ಮತ್ತು ಬೂಷ್ಟು ಎರಡನ್ನೂ ತಡೆಯುವ ಬಣ್ಣದ ವುಡ್ ಸ್ಟೇನ್ ತರುವುದೇ ವಾಸಿ.

ಗಾಳಿಯಾಡಲಿ, ಬಳ್ಳಿಯನ್ನು ಅರ್ಧ ಕತ್ತರಿಸೋಣ ಅಂತ ಅಮ್ಮನಿಗೆ ಹೇಳಿದೆ. ‘ಚಪ್ಪರ ಇರೋದೇ ಮಲ್ಲಿಗೆಗೆ ಕಣೋ’ ಅಂದರು. ಕೊನೆಗೆ ಎರಡು ಗೇಣು ಕತ್ತರಿಸಲು ಒಪ್ಪಿದ್ದಾರೆ, ಅದೂ ಹೂವಿನ ಕಾಲ ಮುಗಿದ ಮೇಲೆ. ಅಲ್ಲಿಯವರೆಗೆ ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಬೂಷ್ಟು ಉಜ್ಜುವ ಕೆಲಸ ನನ್ನದು.