ಬಳ್ಳಾರಿ ನೀರಿಗೆ ಶವರ್: ಹಳೇ ಬಚ್ಚಲು ಒಡೆಸಿ ಕಟ್ಟಿಸಿದ ಮೇಲೆ ಕಂಡದ್ದು

ಬಳ್ಳಾರಿ ಗಾಂಧಿನಗರದ ನಮ್ಮ ಮನೆಯನ್ನು ಮಾವ ಕಟ್ಟಿಸಿದ್ದು 1984ರಲ್ಲಿ. ಬಚ್ಚಲಿಗೆ ಶಹಾಬಾದ್ ಕಲ್ಲಿನ ನೆಲ, ಎದೆಮಟ್ಟಕ್ಕೆ ಬಿಳಿ ಗ್ಲೇಜ್ ಟೈಲ್ಸ್, ಒಂದು ಮೂಲೆಯಲ್ಲಿ ಹಂಡೆ ಒಲೆ, ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. 2021ರ ಕೊನೆಗೆ ಅದನ್ನು ಪೂರ್ತಿ ಒಡೆಸಿ ಶವರ್ ಇರುವ ಹೊಸ ಬಚ್ಚಲು ಮಾಡಿಸಿದೆವು. ಸಾಮಾನೆಲ್ಲ ಬೆಂಗಳೂರು ರೋಡ್ ಕಡೆಯ ಒಂದು ಸ್ಯಾನಿಟರಿ ಅಂಗಡಿಯ ‘ಪ್ಯಾಕೇಜ್’: ಟೈಲ್ಸ್, ಡೈವರ್ಟರ್ (ಬಿಸಿನೀರು, ತಣ್ಣೀರು ಬೆರೆಸಿ ನಲ್ಲಿಗೋ ಶವರಿಗೋ ತಿರುಗಿಸುವ ಹಿಡಿಕೆ), ಎಂಟಿಂಚಿನ ರೇನ್ ಶವರ್, ಹ್ಯಾಂಡ್ ಶವರ್, ಗಾಜಿನ ಪಾರ್ಟಿಶನ್, ಫಿಟ್ಟಿಂಗ್ ಕೂಲಿ ಸಮೇತ. ಒಡೆಯುವುದು, ಕಟ್ಟುವುದು ನಮ್ಮ ಓಣಿಯ ಗೌಂಡಿಯದು. ಹೊಸದರಲ್ಲಿ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಗೌಂಡಿಯ ಕೆಲಸಕ್ಕೆ ಐದು, ಅಂಗಡಿಯ ಪ್ಯಾಕೇಜಿಗೆ ಎರಡೂವರೆ. ಕಣ್ಣಿಗೆ ಕಾಣುವಂತೆ ಎಲ್ಲೆಲ್ಲಿ ದುಡ್ಡು ಸುರಿದೆವೋ ಅಲ್ಲೆಲ್ಲ ಬೇಗ ಕೆಟ್ಟಿತು. ಟೈಲ್ಸಿನ ಕೆಳಗೆ ಮುಚ್ಚಿಹೋದ ಕೆಲಸಕ್ಕೆ ಇವತ್ತಿಗೂ ಕುಂದಿಲ್ಲ.

ಮೊದಲು ಆ ಮುಚ್ಚಿಹೋದ ಕೆಲಸ. ಗೋಡೆ ಒಡೆದಾಗ ಹೊರಗೆ ಬಂದ ಅರ್ಧ ಇಂಚಿನ ಜಿಐ ಪೈಪನ್ನು ಗೌಂಡಿ ಬಿಸಿಲಿಗೆ ಹಿಡಿದು ತೋರಿಸಿದ. ಒಳಗೆ ತುಕ್ಕು, ಅದರ ಮೇಲೆ ಸುಣ್ಣದ ಪದರ, ಮತ್ತೆ ತುಕ್ಕು. ನೀರು ಹಾಯಲು ಉಳಿದದ್ದು ಪೆನ್ಸಿಲ್ ತೂರುವಷ್ಟು ತೂತು. ಇಂಥ ಪೈಪನ್ನು ಉಳಿಸಿಕೊಂಡು ಮುಂದೆ ಎಷ್ಟು ಸಾವಿರದ ಶವರ್ ಹಾಕಿದರೂ ನೀರು ತೊಟ್ಟಿಕ್ಕುವುದೇ ಗತಿ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಟ್ಯಾಂಕಿನಿಂದ ಬರುವ ಮೇನ್ ಲೈನ್ ಒಂದಿಂಚು, ಬಚ್ಚಲೊಳಗೆ ಮುಕ್ಕಾಲು, ನಲ್ಲಿಯ ಬಾಯಿಗೆ ಬಂದಾಗ ಮಾತ್ರ ಅರ್ಧ. ಬಚ್ಚಲಿಗೇ ಒಂದು ಪ್ರತ್ಯೇಕ ಗೇಟ್‌ವಾಲ್ವ್, ಕೈಗೆ ಎಟಕುವ ಎತ್ತರದಲ್ಲಿ. ಇದು ಇಲ್ಲದ ಮನೆಗಳಲ್ಲಿ ಒಂದು ವಾಷರ್ ಬದಲಿಸಬೇಕೆಂದರೂ ಮಾಳಿಗೆ ಹತ್ತಿ ಇಡೀ ಮನೆಯ ನೀರು ನಿಲ್ಲಿಸಬೇಕು.

ಬಚ್ಚಲಿಗೆ ಆತಿರುವ ಹಾಲಿನ ಗೋಡೆ ನಮ್ಮ ಹಳೇ ತಲೆನೋವು. ಬಣ್ಣ ಹೊಡೆದ ಮುಂದಿನ ವರ್ಷವೇ ಉಬ್ಬಿ, ಬಿಳಿ ಪುಡಿ ಉದುರುತ್ತಿತ್ತು. ನೆಲ ಅಗೆದಾಗ ಕಾರಣ ಸಿಕ್ಕಿತು: ಕಲ್ಲಿನ ಸಂದಿಯಿಂದ ಇಳಿದ ನೀರು ಇಟ್ಟಿಗೆ ಚೂರಿನ ಭರ್ತಿಯಲ್ಲಿ ನಿಂತು ಗೋಡೆಗೆ ಏರುತ್ತಿತ್ತು. ಹಸಿ ಭರ್ತಿಯನ್ನೆಲ್ಲ ತೆಗೆಸಿ, ಹೊಸ ಕಾಂಕ್ರೀಟ್ ಹಾಕಿಸಿ, ನೆಲಕ್ಕೂ ಗೋಡೆಗೆ ಆಳೆತ್ತರದವರೆಗೂ ಎರಡು ಕೋಟು ವಾಟರ್‌ಪ್ರೂಫಿಂಗ್. ನೆಲ, ಗೋಡೆ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ ಸಿಮೆಂಟಿನಿಂದ ಗುಂಡಗೆ ಮಾಡಿ ಅದರ ಮೇಲೆ ಫೈಬರ್ ಜಾಳಿಗೆ ಅಂಟಿಸಿದ. ಆಮೇಲೆ ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ಮೇಲೆ ನೀರು ಕಟ್ಟಿ, ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಎರಡು ದಿನ ಬಿಟ್ಟ. ಅಂಗಡಿಯ ಹುಡುಗ ಫೋನ್ ಮೇಲೆ ಫೋನ್: “ಮೇಡಂ, ಟೈಲ್ಸ್ ಟೀಮು ಖಾಲಿ ಕೂತಾರ, ಲೇಟ್ ಆಗ್ತದ.” ಗೌಂಡಿ ಜಗ್ಗಲಿಲ್ಲ. ನೀರು ಗೆರೆಯಿಂದ ಇಳಿಯಲಿಲ್ಲ ಅಂತ ಖಾತ್ರಿಯಾದ ಮೇಲೆಯೇ ಟೈಲ್ಸಿಗೆ ಬಿಟ್ಟದ್ದು. ಹಾಲಿನ ಗೋಡೆ ಅಂದಿನಿಂದ ಒಣಗಿದೆ.

ನೆಲದ ಟೈಲ್ಸಿನ ವಿಷಯದಲ್ಲೂ ಇಬ್ಬರಿಗೂ ಜಗಳ. ಅಂಗಡಿಯವರು ಮೋರ್ಬಿಯಿಂದ ಬಂದ ಎರಡಡಿ ಚೌಕದ ಹೊಳೆಯುವ ಟೈಲ್ಸ್ ತೋರಿಸಿ, ಜಾಯಿಂಟ್ ಕಡಿಮೆ, ಕೊಳೆ ಕೂರಲ್ಲ ಅಂದರು. ಗೌಂಡಿ ನನ್ನ ಕಡೆ ತಿರುಗಿ, “ಅಕ್ಕಾ, ನೋಡಾಕ ಚಂದ ಐತಿ, ನೀರು ಮಾತ್ರ ನಿಂತಲ್ಲೇ ನಿಂತಿರತೈತಿ” ಅಂದ. ಲೆಕ್ಕ ಅವನದೇ ಸರಿ. ನೀರು ನಾಲ್ಕೂ ಕಡೆಯಿಂದ ಜಾಲರಿಗೆ ಹರಿಯಬೇಕು. ಅಡಿಗೆ ಒಂದೆಂಟಾಂಶ ಇಂಚಿನಷ್ಟಾದರೂ ಇಳಿಜಾರು ಬೇಕು. ದೊಡ್ಡ ಟೈಲ್ಸ್ ಬಗ್ಗುವುದಿಲ್ಲ, ಕತ್ತರಿಸಿದರೆ ಅದರ ಚಂದವೂ ಹೋಯಿತು. ಒಂದಡಿ ಚೌಕದ ಮ್ಯಾಟ್ ಆಂಟಿ-ಸ್ಕಿಡ್ ಹಾಕಿಸಿದೆವು, ಸಂದಿಗೆ ಎಪಾಕ್ಸಿ ಗ್ರೌಟ್. ಸ್ನಾನ ಮುಗಿದ ಮೇಲೆ ಬೇಸಿಗೆಯಲ್ಲಂತೂ ಕಾಲು ಗಂಟೆಗೆ ನೆಲ ಒಣಗಿರುತ್ತದೆ. ಅತ್ತೆಗೆ ಎಂಬತ್ತರ ಹತ್ತಿರ. ಇಡೀ ಕೆಲಸದಲ್ಲಿ ಅವರು ಮೆಚ್ಚಿಕೊಂಡದ್ದು ಇದೊಂದನ್ನೇ. ಮ್ಯಾಟ್ ಟೈಲ್ಸಿನ ಒಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ: ಕಿಟಕಿ ಜಾಳಿಗೆಯಿಂದ ಬರುವ ನಮ್ಮೂರ ಕೆಂಪು ಧೂಳು ಸೋಪಿನ ಜಿಡ್ಡಿನ ಜೊತೆ ಅದರಲ್ಲಿ ಕಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಲೇಬೇಕು.

ಇನ್ನು ಶವರ್. ರೇನ್ ಶವರಿನ ಡಬ್ಬದ ಮೇಲೆ ಕನಿಷ್ಠ ಒತ್ತಡ 1 ಬಾರ್ ಅಂತ ಸಣ್ಣ ಅಕ್ಷರದಲ್ಲಿದೆ. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚೂಕಡಿಮೆ 1 ಬಾರ್ ಒತ್ತಡ. ನಮ್ಮದು ಒಂದಂತಸ್ತಿನ ಮನೆ, ಟ್ಯಾಂಕ್ ಮಾಳಿಗೆ ಮೇಲೆ ಗೇಣುದ್ದದ ಕಟ್ಟೆಯಲ್ಲಿತ್ತು. ಶವರಿನಿಂದ ಟ್ಯಾಂಕಿನ ತಳ ಎರಡು ಮೀಟರ್ ಸಹ ಮೇಲಿರಲಿಲ್ಲ. ಅಂದರೆ 0.2 ಬಾರ್‌ಗಿಂತ ಕಡಿಮೆ. ಎಂಟಿಂಚಿನ ತಟ್ಟೆಯ ನಡುವಿನ ತೂತುಗಳಲ್ಲಿ ಮಾತ್ರ ನೀರು, ಅಂಚಿನವು ಒಣ. ಇದನ್ನು ಮಾರುವ ಮುಂಚೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ಕೇಳಬೇಕಾದವರು ಅಂಗಡಿಯವರು. ಕೇಳಲಿಲ್ಲ, ದೂರು ಕೊಟ್ಟಾಗ ಪ್ರೆಶರ್ ಪಂಪ್ ತಗೊಳ್ಳಿ ಅಂದರು, ಬೆಲೆ ಪ್ಯಾಕೇಜಿನ ಹೊರಗೆ. ಪಂಪ್ ಬಿಟ್ಟು ಟ್ಯಾಂಕಿಗೆ ಆಂಗಲ್ ಸ್ಟ್ಯಾಂಡ್ ಮಾಡಿಸಿ ಐದಡಿ ಎತ್ತರಿಸಿದೆವು. ಸುಧಾರಿಸಿತು, ಮಳೆಯಂತೂ ಆಗಲಿಲ್ಲ. ಕೊನೆಗೆ ಆ ತಟ್ಟೆ ಬಿಚ್ಚಿಸಿ ನಾಲ್ಕಿಂಚಿನ ಸಾದಾ ಶವರ್ ಹಾಕಿಸಿದೆವು. ಬೆಲೆ ಹಳೆಯದರ ಕಾಲುಭಾಗವೂ ಇಲ್ಲ, ನೀರು ತಲೆಗೆ ಸರಿಯಾಗಿ ಬೀಳುತ್ತದೆ.

ಒತ್ತಡಕ್ಕಿಂತ ದೊಡ್ಡ ಶತ್ರು ಗಡಸು ನೀರು. ನಲ್ಲಿ ನೀರು ತುಂಗಭದ್ರೆಯದು, ಮೆದು. ಆದರೆ ಅದು ದಿನವೂ ಬರುವುದಿಲ್ಲ; ಬಾರದ ದಿನಗಳಿಗೆ ಬೋರ್ ನೀರು, ಎರಡೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ನಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟಾಗ ಗಡಸುತನ ಲೀಟರಿಗೆ 700 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿನ ಬಿಐಎಸ್ ಮಾನದಂಡ ಐಎಸ್ 10500 ಪ್ರಕಾರ 200 ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಾಗ 600ರವರೆಗೆ ಸೈ. ನೀರು ಕಾದಾಗ ಅದರಲ್ಲಿ ಕರಗಿದ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಕಲ್ಲುಗಟ್ಟುತ್ತದೆ. ಅದಕ್ಕೇ ಮೊದಲು ಬಿಗಿಯಾದದ್ದು ಡೈವರ್ಟರಿನ ಬಿಸಿನೀರಿನ ಕಡೆ. ಒಂದು ವರ್ಷ ತುಂಬುವುದರೊಳಗೆ ಹಿಡಿಕೆ ತಿರುಗಿಸಲು ಎರಡು ಕೈ ಬೇಕಾಯಿತು. ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ಬೆರಳು ದಪ್ಪದ ಸುಣ್ಣ, ಮ್ಯಾಗ್ನೀಶಿಯಂ ರಾಡ್ ಕರಗಿ ತಂತಿ ಮಾತ್ರ ಉಳಿದಿತ್ತು. ಆ ರಾಡ್ ಕರಗುವುದಕ್ಕೇ ಇರುವುದು, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಅದನ್ನು ವರ್ಷಕ್ಕೊಮ್ಮೆ ನೋಡಿಸಬೇಕೆಂದು ಮಾರುವಾಗ ಯಾರೂ ಬಾಯಿಬಿಡುವುದಿಲ್ಲ.

ಶವರಿನ ಸುಣ್ಣಕ್ಕೆ ನಮ್ಮಲ್ಲಿ ನಡೆಯುವ ಉಪಾಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಶವರಿನ ಮುಖ ಮುಳುಗುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಂದೆರಡು ಗಂಟೆ ಬಿಡುತ್ತೇನೆ. ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಹೆಬ್ಬೆರಳಿನಿಂದ ರಬ್ಬರ್ ತೂತುಗಳನ್ನು ಉಜ್ಜಿದರೆ ಸುಣ್ಣ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಬಾಟಲಿಯಲ್ಲಿ ಮಾರುವ ಆಸಿಡ್ ಮಾತ್ರ ಬೇಡ. ಕ್ರೋಮ್ ಕಪ್ಪಾಗುತ್ತದೆ, ಸಿಮೆಂಟ್ ಗ್ರೌಟ್ ಕರಗುತ್ತದೆ. ನಮ್ಮ ಹಳೇ ಶಹಾಬಾದ್ ನೆಲ ಕುಳಿಕುಳಿ ಬಿದ್ದಿದ್ದೂ ವರ್ಷಾನುಗಟ್ಟಲೆ ಆಸಿಡ್ ಸುರಿದೇ. ಅದು ಸುಣ್ಣಕಲ್ಲು, ಆಸಿಡ್ ತಾಗಿದರೆ ನೊರೆ ಎದ್ದು ಸವೆಯುತ್ತದೆ.

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಮಾರುವವರೂ ಬಂದು ಹೋದರು. ಒಬ್ಬ ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು ಬೋರ್ ನೀರಿನಲ್ಲಿ ಅದ್ದಿ, “ನೋಡ್ರಿ, ಎಷ್ಟು ಹಾರ್ಡ್ ಐತಿ” ಅಂದ. ಟಿಡಿಎಸ್ ಮೀಟರ್ ಗಡಸುತನ ಅಳೆಯುವುದಿಲ್ಲ, ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮ್ಯಾಗ್ನೀಶಿಯಂ ಹಿಡಿದುಕೊಂಡು ಸೋಡಿಯಂ ಬಿಡುವುದರಿಂದ ಅದು ಚೆನ್ನಾಗಿ ಕೆಲಸ ಮಾಡಿದರೂ ಮೀಟರಿನ ಅಂಕಿ ಇಳಿಯಲ್ಲ. ಆ ಮನುಷ್ಯನಿಗೆ ಟೀ ಕೊಟ್ಟು ಕಳಿಸಿದೆ. ಆಮೇಲೆ ಬೋರ್ ಲೈನಿಗೆ ಮಾತ್ರ ಒಂದು ಸಣ್ಣ ರೆಸಿನ್ ಸಾಫ್ಟ್‌ನರ್ ಹಾಕಿಸಿದೆವು. ಆಗಾಗ ಉಪ್ಪುನೀರು ಹಾಯಿಸಿ ತೊಳೆಯುವ ರೇಜಿಗೆ ಇದೆ, ತೊಳೆದ ನೀರೂ ದಂಡ. ಆದರೂ ಸೋಪು ನೊರೆ ಬರುತ್ತದೆ, ಡೈವರ್ಟರ್ ಒಂದೇ ಕೈಗೆ ತಿರುಗುತ್ತದೆ.

ಗಾಜಿನ ಪಾರ್ಟಿಶನ್ ಬಗ್ಗೆ ಹೆಚ್ಚು ಬರೆಯಲ್ಲ. ದಿನಾ ವೈಪರ್ ಎಳೆಯುವ ಪುರುಸೊತ್ತಿದ್ದವರು ಹಾಕಿಸಿಕೊಳ್ಳಲಿ. ನಮ್ಮದು ಆರು ತಿಂಗಳಿಗೆ ಮಬ್ಬಾಯಿತು, ಈಗ ತೆಗೆಸಿ ಸಾದಾ ಪರದೆ ಹಾಕಿದ್ದೇವೆ.

ಬಳ್ಳಾರಿಯ ಬೇಸಿಗೆಗೆ ಈ ಮಿಕ್ಸರ್, ಡೈವರ್ಟರುಗಳ ಲೆಕ್ಕಾಚಾರವೇ ತಲೆಕೆಳಗು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಾಳಿಗೆಯ ಕರೀ ಟ್ಯಾಂಕಿನ ‘ತಣ್ಣೀರು’ ಮಧ್ಯಾಹ್ನ ಮೈ ಸುಡುತ್ತದೆ. ರಾತ್ರಿಯಿಂದ ಸುಮ್ಮನಿರುವ ಗೀಸರಿನ ನೀರೇ ಅದಕ್ಕಿಂತ ತಂಪು. ಅತ್ತೆಗೆ ನೀಲಿ ಗುರುತು ತಣ್ಣೀರು ಅಂತ ಹೇಳಿಕೊಟ್ಟಿದ್ದೆವು. ಒಂದು ಮಧ್ಯಾಹ್ನ ಅವರು ಬಚ್ಚಲಿಂದಲೇ ಕೂಗಿದರು: “ಇದರಾಗ ಯಾವುದವ್ವಾ ತಣ್ಣೀರು? ಎರಡೂ ಕುದಿಯಾಕತ್ತಾವು!” ಟ್ಯಾಂಕಿಗೆ ಶೀಟಿನ ನೆರಳು ಮಾಡಿಸಿ, ಬಿಳಿ ಬಣ್ಣ ಬಳಿದ ಮೇಲೆ ತುಸು ತಗ್ಗಿದೆ. ಅತ್ತೆಯಂತೂ ಬೇಸಿಗೆಯಲ್ಲಿ ಬಕೀಟು ಬೆಳಗ್ಗೆಯೇ ತುಂಬಿಟ್ಟುಕೊಳ್ಳುತ್ತಾರೆ.

ಬಕೀಟು ಅಂದೆ. ಶವರ್ ಹಾಕಿಸಿದರೂ ನಮ್ಮ ಕಡೆ ಬಕೀಟು, ಚೊಂಬು ಬಚ್ಚಲು ಬಿಟ್ಟು ಹೋಗುವುದಿಲ್ಲ. ಸಾಮಾನ್ಯ ಶವರ್ ನಿಮಿಷಕ್ಕೆ ಎಂಟು-ಹತ್ತು ಲೀಟರ್ ಕುಡಿಯುತ್ತದೆ. ಐದು ನಿಮಿಷಕ್ಕೆ ಎರಡೂವರೆ ಬಕೀಟು. ಕಾಲುವೆ ಬಂದಾಗಿ ಕಾರ್ಪೊರೇಶನ್ ನೀರಿನ ಅಂತರ ಹೆಚ್ಚಾದ ತಿಂಗಳುಗಳಲ್ಲಿ ಇದು ನಡೆಯುವ ಮಾತಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆ ಸುದ್ದಿ ಬಂದ ಬೆಳಗ್ಗೆಯೇ ನಮ್ಮೆಜಮಾನರು ಶವರಿನ ವಾಲ್ವ್ ಬಂದ್ ಮಾಡಿದರು. ವಾರದೊಳಗೆ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆಹಲಗೆ) ಇಳಿಸಿ ನೀರು ನಿಲ್ಲಿಸಿದರೂ, ವಾಲ್ವ್ ತೆರೆಯಲು ಮಗನೇ ಜಗಳಾಡಬೇಕಾಯಿತು. ಹೀಗಿರುವಾಗ ಪ್ಯಾಕೇಜಿನ ಡ್ರಾಯಿಂಗಿನಲ್ಲಿ ಬಕೀಟಿನ ನಲ್ಲಿಯೇ ಇರಲಿಲ್ಲ, ಗಿಡ್ಡ ಸ್ಪೌಟ್ ಒಂದೇ. ನಾವು ಹಟ ಹಿಡಿದು ನೆಲದಿಂದ ಎರಡಡಿ ಎತ್ತರಕ್ಕೆ ಬೇರೆ ನಲ್ಲಿ ಇಡಿಸಿದೆವು, ಕೆಳಗೆ ಬಕೀಟು ನೆಟ್ಟಗೆ ಕೂರುತ್ತದೆ. ಮನೆಯಲ್ಲಿ ಅತಿ ಹೆಚ್ಚು ತಿರುಗುವ ನಲ್ಲಿ ಅದೇ.

ಹಳೇ ಮನೆಯವರು ವೈರಿಂಗ್ ಮರೆಯಬಾರದು. ನಮ್ಮ ಬಚ್ಚಲಿನ ಸಾಕೆಟ್ಟಿಗೆ ಅರ್ತಿಂಗ್ ತಂತಿಯೇ ಬಂದಿರಲಿಲ್ಲ. ಗೀಸರಿಗೆ ಮೇನ್ ಬೋರ್ಡಿನಿಂದ ಬೇರೆ ಲೈನ್, 16 ಆಂಪಿಯರ್ ಸಾಕೆಟ್, 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಸ್ವಿಚ್, ಹಿತ್ತಲಲ್ಲಿ ಹೊಸ ಅರ್ತ್ ಗುಂಡಿ. ಬೇಸಿಗೆಯಲ್ಲಿ ಆ ಗುಂಡಿಗೆ ಒಂದು ಕೊಡ ನೀರು ಹಾಕುವ ಕೆಲಸ ಮಗನದು. ಒಣ ನೆಲದಲ್ಲಿ ಅರ್ತಿಂಗ್ ಹಿಡಿಯುವುದಿಲ್ಲ. ಅತ್ತೆಗಾಗಿ ಹಾಕಿಸಿದ ಸ್ಟೀಲ್ ಹಿಡಿಕೆಯನ್ನು ಅಂಗಡಿಯ ಫಿಟ್ಟರ್ ಬರೀ ಟೈಲ್ಸಿಗೆ ಸಣ್ಣ ಪ್ಲಗ್ಗಿನಿಂದ ಕೂರಿಸಿದ್ದ. ಜಗ್ಗಿ ನೋಡಿದಾಗ ಅಲ್ಲಾಡಿತು. ಗೌಂಡಿ ಮತ್ತೆ ಇಟ್ಟಿಗೆಗೆ ಇಳಿಯುವ ಉದ್ದನೆಯ ಆಂಕರ್ ಹಾಕಿದ.

ಸರ್ವಿಸ್ ಬಗ್ಗೆ: ಡೈವರ್ಟರಿಗೆ ಹತ್ತು ವರ್ಷ ವಾರಂಟಿ ಅಂದಿದ್ದರು. ಬಿಗಿಯಾದಾಗ ಫೋನ್ ಮಾಡಿದರೆ, ಗಡಸು ನೀರಿನಿಂದ ಆದದ್ದು ವಾರಂಟಿಗೆ ಬರಲ್ಲ ಎಂಬ ಉತ್ತರ. ಕಾರ್ಡಿನ ಹಿಂದೆ ಹಾಗೇ ಅಚ್ಚಾಗಿದೆ, ಸರಿ. ಆದರೆ ಬಳ್ಳಾರಿಯಲ್ಲಿ ಕೂತು ಬಳ್ಳಾರಿಯವರಿಗೆ ಮಾರುವಾಗ ಆ ಸಾಲನ್ನು ಬಾಯಲ್ಲಿ ಹೇಳಬಹುದಿತ್ತು. ಕೊನೆಗೆ ಓಣಿಯ ಪ್ಲಂಬರ್ ಡೈವರ್ಟರಿನ ಒಳಗಿನ ಭಾಗ, ಕಾರ್ಟ್ರಿಜ್, ಬದಲಿಸಿಕೊಟ್ಟ. ಆ ಕಾರ್ಟ್ರಿಜ್ ಬಳ್ಳಾರಿಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಹಾಗಾಗಿ ಮಾಡೆಲ್ ಆರಿಸುವಾಗ ಬಿಡಿಭಾಗ ಊರಲ್ಲೇ ಸಿಗುತ್ತದೋ ಅಂತ ಪ್ಲಂಬರನನ್ನು ಕೇಳಿ, ಅಂಗಡಿಯವನನ್ನಲ್ಲ.

ಒಟ್ಟು ಖರ್ಚು ಎರಡು ಲಕ್ಷದ ಆಸುಪಾಸು. ಅದರಲ್ಲಿ ರೇನ್ ಶವರ್, ಗಾಜು ಎರಡೂ ಈಗ ಮಾಳಿಗೆ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದುಕೊಂಡಿವೆ; ಬೇಕಾದವರು ಕಡಿಮೆ ರೇಟಿಗೆ ಒಯ್ಯಬಹುದು. ಹಿತ್ತಲ ಕಡೆಯ ಇನ್ನೊಂದು ಬಚ್ಚಲನ್ನು ದೀಪಾವಳಿ ಕಳೆದ ಮೇಲೆ ಒಡೆಸುತ್ತೇವೆ. ಅದೇ ಗೌಂಡಿಗೆ ಮುಂಗಡ ಕೊಟ್ಟಾಗಿದೆ. ಸಾಮಾನು ಬಿಡಿಬಿಡಿಯಾಗಿ ಬೇರೆ ಅಂಗಡಿಯಲ್ಲಿ, ಜಿಎಸ್‌ಟಿ ಬಿಲ್ ಹಾಕಿಸಿ.