ತಮ್ಮನ ಟಿಬಿಗೆ ಮಾಡ್ಸಿದ ಸೀಕ್ವೆನ್ಸಿಂಗ್ ಟೆಸ್ಟ್, ನಮ್ಮ ಅನುಭವ

ಟೆಸ್ಟ್‌ಗೆ 5ಕ್ಕೆ 5, ಲ್ಯಾಬ್‌ನೋರ ಸರ್ವೀಸ್‌ಗೆ 2.

ತಮ್ಮಂಗೆ ಶ್ವಾಸಕೋಶದ ಟಿಬಿ. ಮೊದ್ಲು ಮಾಡಿದ ಸಿಬಿನ್ಯಾಟ್‌ನಲ್ಲಿ (ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕೋ ಟೆಸ್ಟ್) ರಿಫಾಂಪಿಸಿನ್ ರೆಸಿಸ್ಟೆನ್ಸ್ ಇಲ್ಲ, ಅಂದ್ರೆ ಆ ಟಿಬಿ ಔಷಧಿ ಕೆಲ್ಸ ಮಾಡುತ್ತೆ ಅಂತ ಬಂತು, ಸದ್ಯ ಬಚಾವಾದ್ವಿ ಅಂದ್ಕೊಂಡ್ವಿ, ಮಾತ್ರೆ ಒಂದಿನಾನೂ ತಪ್ಪಿಸ್ಲಿಲ್ಲ, ಆದ್ರೂ ಎರಡು ತಿಂಗಳಾದ್ಮೇಲೆ ಕಫ ಮತ್ತೆ ಪಾಸಿಟಿವ್, ಸಂಜೆ ಆದ್ರೆ ಜ್ವರ. ಆಮೇಲೆ ಗೊತ್ತಾಯ್ತು, ಆ ಟೆಸ್ಟ್ ರೆಸಿಸ್ಟೆನ್ಸ್‌ಗೆ ಅಂತ ನೋಡೋದು ಆರ್‌ಪಿಒಬಿ ಅನ್ನೋ ಜೀನ್‌ನ 81 ಡಿಎನ್‌ಎ ಅಕ್ಷರದಷ್ಟು ತುಂಡು ಮಾತ್ರ. ಐಸೋನಿಯಾಜಿಡ್ ಅನ್ನೋ ಇನ್ನೊಂದು ಟಿಬಿ ಔಷಧಿ ಕೆಲ್ಸ ಮಾಡುತ್ತೋ ಇಲ್ವೋ ಅನ್ನೋದು ಅದ್ರಲ್ಲಿ ಗೊತ್ತಾಗಲ್ಲ.

ಡಾಕ್ಟ್ರು ಟಾರ್ಗೆಟೆಡ್ ಸೀಕ್ವೆನ್ಸಿಂಗ್ ಮಾಡ್ಸಿ ಅಂದ್ರು. ಕಫದಿಂದ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು, ಔಷಧಿಗೆ ಸಂಬಂಧಪಟ್ಟ ಮುಖ್ಯ ಜೀನ್‌ಗಳನ್ನ ಒಂದೇ ಸಲ ಓದ್ತಾರೆ, ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ (ಕಲ್ಚರ್) ಬೆಳೆಯೋಕೆ ವಾರಗಟ್ಟಲೆ ಕಾಯ್ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಇದನ್ನ ಶಿಫಾರಸು ಮಾಡಿದೆ.

ರಿಪೋರ್ಟ್‌ನಲ್ಲಿ ಕ್ಯಾಟ್‌ಜಿ ಜೀನ್, 315ನೇ ಜಾಗ, ಸೀರಿನ್ ಇರೋ ಕಡೆ ಥ್ರಿಯೊನಿನ್ (ಎರಡೂ ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳು) ಅಂತ ಒಂದು ಸಾಲು. ಡಿಎನ್‌ಎದಲ್ಲಿ ಆ ಒಂದು ಅಕ್ಷರ ಬದಲಾಗಿದ್ದಕ್ಕೆ ಐಸೋನಿಯಾಜಿಡ್ ಕೆಲ್ಸಾನೇ ಮಾಡ್ತಿರ್ಲಿಲ್ಲ, ಎರಡು ತಿಂಗಳು ಅವ್ನು ನುಂಗಿದ್ದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಜಿವೈಆರ್‌ಎ ಜೀನ್ ಸರಿಯಾಗಿದ್ದಿದ್ರಿಂದ ಲೆವೊಫ್ಲಾಕ್ಸಾಸಿನ್ ಅನ್ನೋ ಔಷಧಿ ಕೆಲ್ಸ ಮಾಡುತ್ತೆ ಅಂತ, ಅದನ್ನ ಸೇರ್ಸಿ 6 ತಿಂಗಳ ಹೊಸ ಕೋರ್ಸ್ ಬರೆದ್ರು. ಮೂರನೇ ವಾರಕ್ಕೆ ಜ್ವರ ಬಿಡ್ತು, ಅನ್ನ ಕೇಳಿ ಹಾಕಿಸ್ಕೊಂಡು ಊಟ ಮಾಡಿದ.

ಲ್ಯಾಬ್ ಕಥೆ ಬೇರೆ. ಮೊದ್ಲನೇ ಸ್ಯಾಂಪಲ್ ಬರೀ ಎಂಜಲಾಗಿತ್ತಂತೆ, ಆಗಲ್ಲ ಅಂತ ಪಕ್ಕಕ್ಕಿಟ್ಟು ನಾಲ್ಕು ದಿನ ನಮಗೆ ಒಂದು ಫೋನೂ ಮಾಡ್ಲಿಲ್ಲ, ನಾವೇ ಹೋಗಿ ಕೇಳಿದ್ಮೇಲೆ ಹೇಳಿದ್ರು. ಟಿಬಿ ಪೇಷೆಂಟ್‌ಗೆ ನಾಲ್ಕು ದಿನ ಅಂದ್ರೆ ಏನಂತ ಅವ್ರಿಗೆ ಗೊತ್ತಿರ್ಬೇಕಿತ್ತು. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಕೌಂಟರ್‌ನಲ್ಲಿ ಬಿಡಿಸಿ ಹೇಳೋರು ಒಬ್ರೂ ಇಲ್ಲ.

ಮಾಡ್ಸೋರಿಗೆ ಎರಡು ಮಾತು. ದುಡ್ಡು ಕಟ್ಟೋ ಮುಂಚೆ ಸರ್ಕಾರಿ ಟಿಬಿ ಸೆಂಟರ್‌ನಲ್ಲಿ ಎಲ್‌ಪಿಎ (ಲೈನ್ ಪ್ರೋಬ್ ಅಸ್ಸೆ) ಅನ್ನೋ ಜೀನ್ ಟೆಸ್ಟ್ ಆಗಿದ್ಯಾ ಕೇಳಿ, ಅದು ಫ್ರೀ, ಐಸೋನಿಯಾಜಿಡ್ ರೆಸಿಸ್ಟೆನ್ಸನ್ನ ಅದೂ ಹಿಡಿಯುತ್ತೆ, ನಮಗೆ ಯಾರೂ ಹೇಳಿರ್ಲಿಲ್ಲ. ಇನ್ನೊಂದು, ಕಫದಲ್ಲಿ ಬ್ಯಾಕ್ಟೀರಿಯಾ ಕಮ್ಮಿ ಇದ್ರೆ ಸೀಕ್ವೆನ್ಸಿಂಗ್‌ನಲ್ಲೂ ಕೆಲವು ಜೀನ್ ಓದೋಕಾಗಲ್ಲ. ಬೆಳಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಹೊರಗೆ ಗಾಳಿ ಆಡೋ ಕಡೆ ನಿಂತು ಎದೆಯಿಂದ ಕೆಮ್ಮಿ ತೆಗೀಲಿ. ಮುಚ್ಚಳ ಬಿಗಿ ಮಾಡಿ ಡಬ್ಬಿ ಬೆಳಕಿಗೆ ಹಿಡೀರಿ, ನೀರ್ ನೀರಾಗಿದ್ರೆ ಕೊಡ್ಬೇಡಿ, ಮಾರನೇ ದಿನ ಮತ್ತೆ ತೆಗೆಸಿ.