ಮೂತ್ರದ ಕಲ್ಚರ್ ಪರೀಕ್ಷೆ: ಮೂರು ಲ್ಯಾಬುಗಳು, ಮೂರು ವರದಿಗಳು

ನಮ್ಮ ತಾಯಿಗೆ 72 ವರ್ಷ. ಎಂಟು ತಿಂಗಳಲ್ಲಿ ಮೂರನೆಯ ಬಾರಿ ಅವರಿಗೆ ಉರಿಮೂತ್ರ ಕಾಣಿಸಿಕೊಂಡಾಗ ವೈದ್ಯರು ಮಾತ್ರೆ ಬರೆಯಲಿಲ್ಲ. ಚೀಟಿಯಲ್ಲಿ 'ಯೂರಿನ್ ಕಲ್ಚರ್ ಅಂಡ್ ಸೆನ್ಸಿಟಿವಿಟಿ' (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ) ಎಂದು ಬರೆದು, ವರದಿ ಬರುವ ತನಕ ನೀರು ಚೆನ್ನಾಗಿ ಕುಡಿಸಿ, ಜ್ವರ ಅಥವಾ ಚಳಿ ಬಂದರೆ ಮಾತ್ರ ಕಾಯದೆ ಕರೆತನ್ನಿ ಎಂದರು. ಹಿಂದಿನ ಎರಡು ಬಾರಿಯೂ ನಾವು ಬೀದಿಯ ಕೊನೆಯಲ್ಲಿರುವ ಮೆಡಿಕಲ್ ಸ್ಟೋರಿನಲ್ಲಿ ಲಕ್ಷಣ ಹೇಳಿ ಸೆಫಿಕ್ಸಿಮ್ ಮಾತ್ರೆ ತಂದಿದ್ದೆವು, ಉರಿ ಕಡಿಮೆಯಾದ ಮೇಲೆ ಉಳಿದವನ್ನು ಫ್ರಿಜ್ಜಿನ ಮೇಲಿನ ಡಬ್ಬಿಗೆ ಹಾಕಿದ್ದೆವು. ಈ ಬಾರಿ ಒಂದೇ ವಾರದಲ್ಲಿ ಮೈಸೂರಿನ ಮೂರು ಕಡೆ ಒಂದೇ ಪರೀಕ್ಷೆ ಮಾಡಿಸಬೇಕಾಯಿತು. ದೂರುಗಳೂ ಇರುವುದರಿಂದ ಲ್ಯಾಬುಗಳ ಹೆಸರು ಹೇಳುತ್ತಿಲ್ಲ. ಇದನ್ನು ಪರೀಕ್ಷೆಯೆಂಬ ಸೇವೆಯ ವಿಮರ್ಶೆಯೆಂದೇ ಓದಬೇಕು.

ಮೊದಲನೆಯದು ಊರೂರಲ್ಲೂ ಶಾಖೆಯಿರುವ ದೊಡ್ಡ ಲ್ಯಾಬು. ಮೊಬೈಲಿನಲ್ಲಿ ಬುಕ್ ಮಾಡಿದ ಮರುದಿನ ಬೆಳಿಗ್ಗೆ ಏಳಕ್ಕೆ ಹುಡುಗ ಮನೆಗೇ ಬಂದ, ಮಾತು ನಯವಾಗಿತ್ತು, ಡಬ್ಬಿಯ ಮೇಲೆ ಹೆಸರಿನ ಚೀಟಿಯನ್ನು ಅಚ್ಚುಕಟ್ಟಾಗಿ ಅಂಟಿಸಿದ. ಆದರೆ ಮೂತ್ರವನ್ನು ಹೇಗೆ ಹಿಡಿಯಬೇಕೆಂದು ಅಮ್ಮನಿಗೆ ಹೇಳಲಿಲ್ಲ. ಮೊದಲು ನೀರಿನಿಂದ ಶುಚಿ ಮಾಡಿಕೊಂಡು, ಆರಂಭದ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನ ಧಾರೆಯನ್ನು ಮಾತ್ರ ಹಿಡಿಯಬೇಕೆಂಬುದು ನಮಗೆ ತಿಳಿದದ್ದು ಆಮೇಲೆ. ಅದಕ್ಕಿಂತ ದೊಡ್ಡ ತಪ್ಪು, ಡಬ್ಬಿಯನ್ನು ಅವನು ಬೆನ್ನಿನ ಚೀಲಕ್ಕೆ ಹಾಗೆಯೇ ಹಾಕಿಕೊಂಡದ್ದು. ಅದರಲ್ಲಿ ಐಸ್ ಪ್ಯಾಕ್ ಇರಲಿಲ್ಲ, ಅವನ ಸುತ್ತಾಟ ಮುಗಿಯುವಾಗ ಮಧ್ಯಾಹ್ನ ಒಂದು ಗಂಟೆಯಂತೆ, ತಿಂಗಳು ಏಪ್ರಿಲ್. ಇಂಥ ಮಾದರಿ ಎರಡು ಗಂಟೆಯೊಳಗೆ ಲ್ಯಾಬು ಸೇರಬೇಕು, ಇಲ್ಲವೇ ತಂಪಿನಲ್ಲಿರಬೇಕು. ಅನುಕೂಲವಾದ ಬಿಸುಪಿನಲ್ಲಿ, ಉರಿಮೂತ್ರಕ್ಕೆ ಸಾಮಾನ್ಯವಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದು ಜೀವಿ ಮೂರು ಗಂಟೆಯಲ್ಲಿ 512 ಆಗುತ್ತದೆ. ಮೂತ್ರದಲ್ಲಿ ಅಷ್ಟು ವೇಗವಿರಲಿಕ್ಕಿಲ್ಲ, ಆದರೂ ಚರ್ಮದಿಂದ ಸೇರಿದ ನಾಲ್ಕು ಜೀವಿಗಳು ಸೋಂಕಿನ ವೇಷ ತೊಡಲು ಮಧ್ಯಾಹ್ನದವರೆಗಿನ ಪ್ರಯಾಣ ಬೇಕಾದಷ್ಟಾಯಿತು. ಬುಧವಾರ ಬಂದ ವರದಿಯಲ್ಲಿ 'ಮಿಶ್ರ ಬೆಳವಣಿಗೆ, ಮತ್ತೊಮ್ಮೆ ಮಾದರಿ ಕಳಿಸಿ' ಎಂಬ ಒಂದು ಸಾಲಿತ್ತು. ವರದಿ ಪ್ರಾಮಾಣಿಕವಾದದ್ದೇ. ಕೊಟ್ಟ 950 ರೂಪಾಯಿ ಮಾತ್ರ ಹಿಂದಿರುಗಲಿಲ್ಲ.

ಎರಡನೆಯದು ಬಡಾವಣೆಯ ಸಣ್ಣ ಲ್ಯಾಬು. ದರ 450, ಮರುದಿನ ಬೆಳಿಗ್ಗೆಯೇ ವರದಿ, ಅದರಲ್ಲಿ 24 ಔಷಧಗಳ ಉದ್ದನೆಯ ಪಟ್ಟಿ. ಅಮ್ಮನಿಗೆ ಬಹಳ ಇಷ್ಟವಾಯಿತು, ವೈದ್ಯರಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಸಾಮಾನ್ಯ ವಿಧಾನದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಒಂದು ರಾತ್ರಿ ಬೇಕು, ಬೆಳೆದದ್ದನ್ನು ತೆಗೆದು ಔಷಧಗಳ ಎದುರು ಇಡಲು ಇನ್ನೊಂದು ರಾತ್ರಿ ಬೇಕು. ಒಂದೇ ರಾತ್ರಿಯಲ್ಲಿ ಎರಡನ್ನೂ ಮುಗಿಸಿದ್ದು ಹೇಗೆಂದು ಅವರು ಕೇಳಿದರು. ಪಟ್ಟಿಯಲ್ಲಿ ವ್ಯಾಂಕೊಮೈಸಿನ್ ಕೂಡ ಇತ್ತು. ಇ. ಕೋಲೈನ ಹೊರಪೊರೆಯನ್ನು ದಾಟುವುದೇ ಆಗದ ಆ ಔಷಧವನ್ನು ಅದರ ಮೇಲೆ ಪರೀಕ್ಷಿಸುವುದೆಂದರೆ ಬೀಗವಿಲ್ಲದ ಗೋಡೆಗೆ ಬೀಗದ ಕೈ ಹಿಡಿದು ನೋಡಿದ ಹಾಗೆ. ಇನ್ನೂ ಕೆಟ್ಟದ್ದು ಕೊನೆಯ ಸಾಲು: 'ಕೊಲಿಸ್ಟಿನ್ – ಎಸ್', ಅಂದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುತ್ತದೆ ಎಂದು. ಕೊಲಿಸ್ಟಿನ್ ಅಗರ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಮಾಧ್ಯಮದಲ್ಲಿ, ಸರಿಯಾಗಿ ಹರಡದ ಔಷಧವಾದ್ದರಿಂದ, ಔಷಧದ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು ನೋಡುವ ಸಾಮಾನ್ಯ ವಿಧಾನ ಅದಕ್ಕೆ ನಂಬಲರ್ಹವಲ್ಲ. ಲ್ಯಾಬುಗಳು ಹೆಚ್ಚಾಗಿ ಅನುಸರಿಸುವ ಅಮೆರಿಕದ ಮಾನದಂಡದಲ್ಲಂತೂ 2020ರಿಂದ ಈ ಔಷಧಕ್ಕೆ 'ಎಸ್' ಎಂಬ ವರ್ಗವನ್ನೇ ತೆಗೆದುಹಾಕಲಾಗಿದೆ. ಬೇರೆಲ್ಲ ಕೈಕೊಟ್ಟಾಗ ಐಸಿಯುನಲ್ಲಿ ಉಳಿಯುವ ಔಷಧವಿದು. ಇದನ್ನೇ ನಮ್ಮ ದೇಶದಲ್ಲಿ ಕೋಳಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು. ಕೊಲಿಸ್ಟಿನ್ನಿಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಎಂಸಿಆರ್-1 ಎಂಬ ವಂಶವಾಹಿ 2015ರಲ್ಲಿ ಚೀನಾದ ಹಂದಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಇರುವುದು ವರದಿಯಾಯಿತು, ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಅಂಥ ಔಷಧದ ಹೆಸರನ್ನು ಮನೆಯಲ್ಲಿ ಓಡಾಡಿಕೊಂಡಿರುವ ಮುದುಕಿಯ ಉರಿಮೂತ್ರದ ವರದಿಯಲ್ಲಿ ಅಚ್ಚುಹಾಕುವುದು ನನ್ನ ದೃಷ್ಟಿಯಲ್ಲಿ ಬೇಜವಾಬ್ದಾರಿ. ವೈದ್ಯರು ಆ ವರದಿಯನ್ನು ಮಡಿಚಿ ನನ್ನ ಕೈಗೇ ವಾಪಸು ಕೊಟ್ಟರು.

ಮೂರನೆಯದು ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸೂಕ್ಷ್ಮಾಣುಜೀವಿ ವಿಭಾಗ. ಮನೆಗೆ ಯಾರೂ ಬರುವುದಿಲ್ಲ. ಕೌಂಟರಿನಲ್ಲಿ ಅಮ್ಮನನ್ನು ಒಂದು ಗಂಟೆ ನಿಲ್ಲಿಸಿದರು, ಕೂರಲು ಇದ್ದದ್ದು ಎರಡೇ ಬೆಂಚು. ಆದರೆ ಕೊಟ್ಟ ಅರ್ಜಿಯಲ್ಲಿ ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ, ಆಸ್ಪತ್ರೆಯಲ್ಲಿ ದಾಖಲಾಗಿದ್ದಿರಾ ಎಂಬ ಪ್ರಶ್ನೆಗಳಿದ್ದವು, ಮೂತ್ರ ಹಿಡಿಯುವ ಕ್ರಮವನ್ನು ಶುಶ್ರೂಷಕಿಯೊಬ್ಬರು ಅಮ್ಮನಿಗೆ ಎರಡು ಸಲ ಹೇಳಿಕೊಟ್ಟರು, ಡಬ್ಬಿ ಹತ್ತು ಹೆಜ್ಜೆ ದೂರದ ಲ್ಯಾಬಿಗೆ ನೇರವಾಗಿ ಹೋಯಿತು. ಶುಕ್ರವಾರ ಕೊಟ್ಟದ್ದಕ್ಕೆ ಸೋಮವಾರ ಕರೆ ಬಂತು. ವರದಿ ಸಿದ್ಧವಾಗಿದೆ, ಬಿಡುವಿದ್ದರೆ ಒಳಗೆ ಬಂದು ನೋಡಿ ಎಂದರು ಅಲ್ಲಿನ ಮೇಡಂ. ನಾನು ನಿವೃತ್ತ ವಿಜ್ಞಾನ ಶಿಕ್ಷಕ ಎಂದು ಅಮ್ಮ ಕೌಂಟರಿನಲ್ಲಿ ಎಲ್ಲರಿಗೂ ಹೇಳಿದ್ದರ ಫಲವಿರಬೇಕು.

ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಮೊದಲನೆಯದರಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಲ್ಯಾಕ್ಟೋಸ್ ಸಕ್ಕರೆಯನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ ಆ ಮಾಧ್ಯಮದಲ್ಲಿ ಹೀಗೆ ಬಣ್ಣ ತಳೆಯುತ್ತದೆ. ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷಕ್ಕೂ ಮೇಲೆ, ಒಂದೇ ಜಾತಿ, ಇ. ಕೋಲೈ. ಎರಡನೆಯ ತಟ್ಟೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಒಣ ಹುಲ್ಲಿನ ಬಣ್ಣದ ಅಗರ್ ಮೇಲೆ ಬ್ಯಾಕ್ಟೀರಿಯಾ ತೆಳುವಾದ ಮಂಜಿನಂತೆ ಹಾಸಿತ್ತು, ಅದರ ಮೇಲೆ ಔಷಧ ಸವರಿದ 6 ಮಿಲಿಮೀಟರ್ ಅಗಲದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಿದ್ದರು. ಔಷಧ ಕೆಲಸ ಮಾಡಿದಲ್ಲಿ ಬಿಲ್ಲೆಯ ಸುತ್ತ ಚಂದ್ರನ ಪರಿವೇಷದಂತೆ ತಿಳಿಯಾದ ವೃತ್ತ ಮೂಡುತ್ತದೆ. ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಗೆ ವೃತ್ತವೇ ಇರಲಿಲ್ಲ, ಮಂಜು ಅದರ ಅಂಚನ್ನು ಮುಟ್ಟಿತ್ತು. ನಾವು ತಂದಿದ್ದ ಸೆಫಿಕ್ಸಿಮ್‌ನ ಗುಂಪಿನದೇ ಆದ ಸೆಫೋಟಾಕ್ಸಿಮ್ ಸುತ್ತ 9 ಮಿಲಿಮೀಟರ್. ಪಾಸಾಗಲು 26 ಬೇಕು. ಅದರ ಪಕ್ಕದಲ್ಲಿಯೇ ಸೆಫೋಟಾಕ್ಸಿಮ್ ಜೊತೆಗೆ ಕ್ಲಾವುಲಾನಿಕ್ ಆಮ್ಲವನ್ನೂ ಸೇರಿಸಿದ ಇನ್ನೊಂದು ಬಿಲ್ಲೆಯಿತ್ತು, ಅದರ ಸುತ್ತ 24. ಮೇಡಂ ಅಡ್ಡಪಟ್ಟಿಯಿಟ್ಟು ಅಳೆದು ತೋರಿಸಿದರು. ಎರಡರ ನಡುವೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಈ ಬ್ಯಾಕ್ಟೀರಿಯಾ ಔಷಧವನ್ನು ಸೀಳುವ ಕಿಣ್ವವನ್ನು ತಯಾರಿಸುತ್ತಿದೆ ಎಂದು ಅರ್ಥ. ಕ್ಲಾವುಲಾನಿಕ್ ಆಮ್ಲ ಆ ಕಿಣ್ವದ ಕೈ ಕಟ್ಟಿದ್ದರಿಂದ ಔಷಧ ಮತ್ತೆ ಕೆಲಸ ಮಾಡಿದೆ. ಇಂಥ ಕಿಣ್ವಕ್ಕೆ ಅವರ ಭಾಷೆಯಲ್ಲಿ ಇಎಸ್‌ಬಿಎಲ್ ಎಂದು ಹೆಸರು.

"ಸೆಫಿಕ್ಸಿಮ್ ತಿಂದಿದ್ದಕ್ಕೇ ಹೀಗಾಯಿತೇ, ಮೇಡಂ?" ಎಂದು ಕೇಳಿದೆ.

"ನಿಮ್ಮ ತಾಯಿಯ ಮಾತ್ರೆ ಇದನ್ನು ಹುಟ್ಟಿಸಲಿಲ್ಲ ಸರ್, ಇದಕ್ಕೆ ಜಾಗ ಮಾಡಿಕೊಟ್ಟಿತು," ಎಂದರು.

ಮುಂದಿನ ಕಾಲು ಗಂಟೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಏಕೆಂದರೆ ಮೂರು ಲ್ಯಾಬುಗಳಲ್ಲಿ ಹಣ ಕೊಟ್ಟು ಪಡೆದ ಎಲ್ಲದಕ್ಕಿಂತ ಬೆಲೆಬಾಳಿದ್ದು ಈ ಮಾತುಗಳೇ. ಇಂಥ ಕಿಣ್ವಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಹರಡಿರುವ ಸಿಟಿಎಕ್ಸ್-ಎಂ ಎಂಬ ಕುಟುಂಬದ ಮೂಲ ಆಸ್ಪತ್ರೆಯಲ್ಲಿಲ್ಲ. ಮಣ್ಣು, ನೀರು, ಚರಂಡಿಗಳಲ್ಲಿ ತನ್ನ ಪಾಡಿಗೆ ಬದುಕುವ ಕ್ಲೈವೆರಾ ಎಂಬ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ಆ ವಂಶವಾಹಿ ಮೊದಲಿನಿಂದಲೂ ಇತ್ತು. ಅಲ್ಲಿಂದ ಅದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರವೊಂದರ ಮೇಲೆ ಹತ್ತಿಕೊಂಡಿತು. ಹತ್ತಿಕೊಂಡ ಮೇಲೆ ಅಮ್ಮನಿಂದ ಮಗಳಿಗೆ ಎನ್ನುವ ಕ್ರಮದ ಹಂಗು ಅದಕ್ಕಿಲ್ಲ. ಎರಡು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ತಾಗಿ ನಿಂತಾಗ ಉಂಗುರದ ಪ್ರತಿಯೊಂದು ನೆರೆಯವನಿಗೆ ದಾಟುತ್ತದೆ, ನೆರೆಯವನು ಬೇರೆ ಜಾತಿಯವನಾದರೂ ಸರಿ. ಬ್ಯಾಕ್ಟೀರಿಯಾಗಳು ಹೀಗೆ ಕೊಟ್ಟು ತೆಗೆದುಕೊಳ್ಳುತ್ತವೆಂದು 1946ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ತೋರಿಸಿದ್ದರು. ಹಲವು ಔಷಧಗಳ ಪ್ರತಿರೋಧ ಒಟ್ಟಿಗೇ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದನ್ನು 1950ರ ದಶಕದ ಕೊನೆಯಲ್ಲಿ ಜಪಾನಿನ ರಕ್ತಭೇದಿ ರೋಗಿಗಳನ್ನು ಅಭ್ಯಾಸ ಮಾಡುತ್ತಿದ್ದವರು ಕಂಡುಕೊಂಡರು. ಜಗತ್ತಿನಾದ್ಯಂತ ಇಂದು ಕಾಣುವ ಸಿಟಿಎಕ್ಸ್-ಎಂ-15 ಎಂಬ ರೂಪ ಮೊದಲು ದಾಖಲಾದದ್ದು ದೆಹಲಿಯಲ್ಲಿ 1999ರಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯಾಗಳಲ್ಲಿ. ಒಂದೇ ಉಂಗುರದ ಮೇಲೆ ಹಲವು ಔಷಧಗಳ ವಿರುದ್ಧದ ವಂಶವಾಹಿಗಳು ಸಾಲಾಗಿ ಕೂರುವುದರಿಂದ, ಒಂದು ಔಷಧ ತಿಂದರೆ ನಾವು ಎಂದೂ ಮುಟ್ಟದ ಇನ್ನೊಂದರ ಪ್ರತಿರೋಧವೂ ಜೊತೆಗೆ ಬೆಳೆಯುತ್ತದೆ.

ಹಾಗಾದರೆ ಅಮ್ಮನಿಗೆ ಬಂದದ್ದೆಲ್ಲಿಂದ? ಬಹುಪಾಲು ಅವರ ಕರುಳಿನಲ್ಲಿಯೇ ಇದ್ದಿರಬೇಕು, ಯಾವುದೋ ನೀರಿನಲ್ಲಿ, ಸೊಪ್ಪಿನಲ್ಲಿ, ಮಾಂಸದಲ್ಲಿ, ಇನ್ನೊಬ್ಬರ ಕೈಯಲ್ಲಿ ಬಂದು. ಕೋಟಿಗಟ್ಟಲೆ ಸಾಧು ಬ್ಯಾಕ್ಟೀರಿಯಾಗಳ ನಡುವೆ ಅದು ಮೂಲೆಯಲ್ಲಿರುತ್ತದೆ. ಸೆಫಿಕ್ಸಿಮ್ ಸಾಧುಗಳನ್ನು ಗುಡಿಸಿ ಹಾಕಿದಾಗ ಖಾಲಿಯಾದ ಅಂಗಳವನ್ನೆಲ್ಲ ಇದು ತುಂಬಿಕೊಳ್ಳುತ್ತದೆ, ಅಲ್ಲಿಂದ ಮೂತ್ರನಾಳಕ್ಕೆ ದಾರಿ ಬೆರಳಷ್ಟು ದೂರ. ನನ್ನ ತಂಗಿ ನೆದರ್ಲೆಂಡ್ಸ್‌ನಲ್ಲಿದ್ದಾಳೆ. ಅಲ್ಲಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮೇಡಂ ನೆನಪಿಸಿದರು: ಹೊರಡುವ ಮೊದಲು ಕರುಳಿನಲ್ಲಿ ಇಂಥ ಬ್ಯಾಕ್ಟೀರಿಯಾ ಇಲ್ಲದಿದ್ದ ಪ್ರವಾಸಿಗಳಲ್ಲಿ, ದಕ್ಷಿಣ ಏಷ್ಯಾಕ್ಕೆ ಬಂದುಹೋದವರ ಪೈಕಿ ಶೇ. 75ರಷ್ಟು ಮಂದಿ ಅದನ್ನು ಹೊತ್ತುಕೊಂಡು ಮರಳಿದ್ದರು. ಪ್ರತಿ ಡಿಸೆಂಬರಿನಲ್ಲಿ ತಂಗಿ ಊರಿನಿಂದ ಚಟ್ನಿಪುಡಿಯ ಜೊತೆ ಏನೇನು ಒಯ್ಯುತ್ತಿದ್ದಾಳೋ ಎಂದು ನಕ್ಕೆ. ಮೇಡಂ ನಗಲಿಲ್ಲ.

ತಟ್ಟೆಯ ಅಂಚಿನಲ್ಲಿ ಮೇಲ್ದರ್ಜೆಯ ಔಷಧವಾದ ಮೆರೊಪೆನೆಮ್‌ನ ಬಿಲ್ಲೆಯಿತ್ತು, ಸುತ್ತ ಅಗಲವಾದ ಶುಭ್ರ ವೃತ್ತ. ಅದನ್ನು ತೋರಿಸುವಾಗ ಅವರ ದನಿ ಹಗುರವಾಯಿತು. ಆ ಗುಂಪಿನ ಔಷಧಗಳನ್ನೂ ಸೀಳುವ ಎನ್‌ಡಿಎಂ-1 ಕಿಣ್ವ ಮೊದಲು ಸಿಕ್ಕಿದ್ದು ದೆಹಲಿಯಲ್ಲಿ ಚಿಕಿತ್ಸೆ ಪಡೆದು 2008ರಲ್ಲಿ ಸ್ವೀಡನ್ನಿನಲ್ಲಿ ಪರೀಕ್ಷೆಗೊಳಗಾದ ರೋಗಿಯಲ್ಲಿ; 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಆ ವಂಶವಾಹಿ ಇತ್ತು. ಔಷಧವೇ ನೀರಿಗೆ ಸೇರುವ ಊರುಗಳೂ ಇವೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ಶುದ್ಧೀಕರಿಸುವ ಘಟಕದಿಂದ ಹೊರಬರುತ್ತಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದ್ದರು. ಚಿಕಿತ್ಸೆ ಪಡೆಯುತ್ತಿರುವವರ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚಿನ ಪ್ರಮಾಣವದು.

ಇಷ್ಟು ಒಳ್ಳೆಯ ಲ್ಯಾಬಿನ ವರದಿಯ ಕಾಗದದ ಬಗ್ಗೆ ಮಾತ್ರ ನನಗೆ ತಕರಾರಿದೆ. ಅದರಲ್ಲಿ ಔಷಧಗಳು ಎಂಟೇ ಇದ್ದವು. ಸಾಮಾನ್ಯ ಔಷಧ ಕೆಲಸ ಮಾಡುವಲ್ಲಿ ಮೇಲ್ದರ್ಜೆಯದನ್ನು ಅಡಗಿಸಿಡುವುದು ಅವರ ಪದ್ಧತಿಯಂತೆ, ಆದ್ದರಿಂದ ಮೆರೊಪೆನೆಮ್ ಹೆಸರು ಕಾಗದದಲ್ಲಿ ಇರಲಿಲ್ಲ. ಇದು ಮೆಚ್ಚುವ ಸಂಗತಿ. ವೃತ್ತದ ಅಳತೆ ಮತ್ತು ಮಾನದಂಡದ ಹೆಸರೂ ನಮೂದಾಗಿದ್ದವು. ಆದರೆ ಇಡೀ ವರದಿ ಇಂಗ್ಲಿಷಿನಲ್ಲಿತ್ತು, 'ಆರ್' ಮತ್ತು 'ಎಸ್' ಎಂಬ ಅಕ್ಷರಗಳಿಗೆ ಎಲ್ಲಿಯೂ ವಿವರಣೆಯಿರಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಆರ್ ಅಂದರೆ ರೈಟ್ ಅಲ್ಲವೇನೋ? ಐದು ಔಷಧಿ ರೈಟ್ ಆಗಿದೆಯಲ್ಲ," ಎಂದರು. ಈ ಓದನ್ನು ನಂಬಿಕೊಂಡು ನೇರವಾಗಿ ಮೆಡಿಕಲ್ ಸ್ಟೋರಿಗೆ ಹೋಗುವವರು ಎಷ್ಟು ಮಂದಿಯೋ. 'ಆರ್ ಎಂದರೆ ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ' ಎಂದು ಕನ್ನಡದಲ್ಲಿ ಒಂದು ಸಾಲು ಮುದ್ರಿಸಲು ಖರ್ಚೇನೂ ಆಗುವುದಿಲ್ಲ.

ವೈದ್ಯರು ಆ ಎಂಟರಲ್ಲಿ ನೈಟ್ರೊಫ್ಯುರಾಂಟೊಯಿನ್ ಆರಿಸಿದರು. ವೃತ್ತ 20 ಮಿಲಿಮೀಟರ್, ಬೇಕಾದದ್ದು 17. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ರಕ್ತ ಪರೀಕ್ಷೆಯಲ್ಲಿ ನೋಡಿಕೊಂಡು ಐದು ದಿನಕ್ಕೆ ಬರೆದುಕೊಟ್ಟರು. 1950ರ ದಶಕದ ಹಳೆಯ ಔಷಧವದು, ಮೂತ್ರದಲ್ಲಿ ಮಾತ್ರ ಸಾಂದ್ರವಾಗುತ್ತದೆ, ಕರುಳಿನ ಸಾಧುಗಳಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಅಮ್ಮನಿಗೆ ಎರಡನೆಯ ದಿನವೇ ಉರಿ ಇಳಿಯಿತು.

ಫ್ರಿಜ್ಜಿನ ಮೇಲಿನ ಡಬ್ಬಿ ತೆಗೆದು ಉಳಿದಿದ್ದ ಸೆಫಿಕ್ಸಿಮ್ ಹಾಳೆಯನ್ನು ನೋಡಿದೆ. ಹಿಂಬದಿಯಲ್ಲಿ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧವದು. ಕೊಂಡವರ ಹೆಸರು, ಬರೆದ ವೈದ್ಯರ ಹೆಸರು, ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ನಮ್ಮ ಹೆಸರನ್ನು ಯಾರೂ ಕೇಳಿರಲಿಲ್ಲ, ನಾವೂ ಗೆರೆಯನ್ನು ನೋಡಿರಲಿಲ್ಲ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ಸೊನ್ನೆ, ಮೂರನೆಯದಕ್ಕೆ ನಾಲ್ಕೂವರೆ. ಕಳೆದ ಅರ್ಧ ಅಂಕ ಬೆಂಚಿನದಲ್ಲ, ಇಂಗ್ಲಿಷಿನದು. ಅಲ್ಲಿನ ದರ 300 ರೂಪಾಯಿ. ಕೌಂಟರ್ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಹೋಗಬೇಕು, ಹಳೆಯ ಮಾತ್ರೆಗಳ ಖಾಲಿ ಹಾಳೆ ಮನೆಯಲ್ಲಿದ್ದರೆ ಒಯ್ಯಬೇಕು, ಏಕೆಂದರೆ ಅರ್ಜಿಯ ಆ ಕಾಲಮನ್ನು ಖಾಲಿ ಬಿಟ್ಟರೆ ಮೇಡಂ ಸ್ವತಃ ಹೊರಗೆ ಬಂದು ಕೇಳುತ್ತಾರೆ.